ನಿಗಡಿಯ ಐದು ಗಾಡಿ, ಶೇ 18ರ ಪ್ರಶ್ನೆ: ಒಂದು ಪ್ರಕರಣ ಅಧ್ಯಯನ

2025ರ ಸೆಪ್ಟೆಂಬರ್ 4, ಬೆಳಿಗ್ಗೆ ಏಳು ಗಂಟೆ. ನಾನು ಲೆಕ್ಕ ಬರೆಯುವ ಪುಣೆಯ ಐದು ಲಾರಿಯ ಮಾಲೀಕರು, ಕಾಕಾ, ಫೋನ್ ಮಾಡಿದರು. "ತಮ್ಮಾ, ಗಾಡಿ ಬುಕಿಂಗ್ ಕ್ಯಾನ್ಸಲ್ ಮಾಡ್ಲೇನೋ?"

ಹಿಂದಿನ ರಾತ್ರಿ ದೆಹಲಿಯಲ್ಲಿ ಜಿಎಸ್‌ಟಿ ಮಂಡಳಿಯ 56ನೇ ಸಭೆ ಮುಗಿದಿತ್ತು. ಲಾರಿ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯುತ್ತದೆ, ಟೈರಿಗೂ ಅಷ್ಟೇ, ಸೆಪ್ಟೆಂಬರ್ 22ರಿಂದ ಜಾರಿ ಅಂತ ಟಿವಿಯಲ್ಲಿ ಬಂದಿತ್ತು. ಕಾಕಾ ಆಗಸ್ಟ್ ಕೊನೆಗೆ ಒಂದು ಹತ್ತು ಚಕ್ರದ ಗಾಡಿಗೆ ಮುಂಗಡ ಕೊಟ್ಟು ಬಂದಿದ್ದರು. ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ ಅನ್ನಿಸುತ್ತದೆ.

"ಕ್ಯಾನ್ಸಲ್ ಬೇಡ್ರಿ ಕಾಕಾ, ಡೆಲಿವರಿ ಮುಂದಕ್ಕ ಹಾಕ್ರಿ" ಅಂದೆ. ಗಾಡಿಯೂ ಬಿಲ್ಲೂ 22ರ ನಂತರ ಆದರೆ ಹೊಸ ದರ ಸಿಗುತ್ತದೆ. ಮೊದಲೇ ಕೊಟ್ಟ ಮುಂಗಡ ಅದಕ್ಕೆ ಅಡ್ಡ ಬರುವುದಿಲ್ಲ. ಹೇಗೂ ಪಿತೃಪಕ್ಷ ಶುರುವಾಗುವುದಿತ್ತು. ಆ ಹದಿನೈದು ದಿನ ನಮ್ಮವರು ಯಾರೂ ಹೊಸ ಗಾಡಿ ಮನೆಗೆ ತರುವುದಿಲ್ಲ. 22ನೇ ತಾರೀಖು ಘಟಸ್ಥಾಪನೆ. ಸರ್ಕಾರದವರು ಪಂಚಾಂಗ ನೋಡಿಯೇ ತಾರೀಖು ಇಟ್ಟ ಹಾಗಿತ್ತು.

ಲೆಕ್ಕ ಬೆರಳ ತುದಿಯಲ್ಲಿ ಮುಗಿಯಿತು. ಗಾಡಿಯ ಮೂಲ ಬೆಲೆ 30 ಲಕ್ಷ. ಶೇ 28 ಅಂದರೆ 8.40 ಲಕ್ಷ ತೆರಿಗೆ, ಶೇ 18 ಅಂದರೆ 5.40 ಲಕ್ಷ. ಮೂರು ಲಕ್ಷ ಉಳಿಯಿತು. ಕಾಕಾ ಅಂದು ಆಫೀಸಿನಲ್ಲಿ ಎಲ್ಲರಿಗೂ ವಡಾಪಾವ್ ತರಿಸಿದರಂತೆ.

ಆದರೆ ಅದೇ ಸಭೆಯ ತೀರ್ಮಾನದಲ್ಲಿ ಇನ್ನೊಂದು ಸಾಲು ಇತ್ತು. ಟಿವಿಯಲ್ಲಿ ಅದನ್ನು ಯಾರೂ ದೊಡ್ಡದಾಗಿ ಓದಲಿಲ್ಲ. ಸರಕು ಸಾಗಣೆಯ ಬಾಡಿಗೆ ಮೇಲೆ ಇದ್ದ ಶೇ 12ರ ಆಯ್ಕೆ ಶೇ 18 ಆಯಿತು. ಶೇ 5ರದ್ದು ಹಾಗೇ ಉಳಿಯಿತು. ಈ ಬರಹ ಆ ಸಾಲಿನ ಬಗ್ಗೆ. ಐದು ಗಾಡಿಯ ಒಬ್ಬ ಮಾಲೀಕರು ಆ ಸಾಲಿನ ಮುಂದೆ ಐದಾರು ತಿಂಗಳಿಂದ ಹೇಗೆ ನಿಂತಿದ್ದಾರೆ ಅನ್ನುವುದರ ಬಗ್ಗೆ.

ಕಾಕಾ ಯಾರು

ಅವರ ಹೆಸರು ಹಾಕುವುದಿಲ್ಲ, ಅವರೇ ಬೇಡ ಅಂದರು. ವಿಜಯಪುರ ಜಿಲ್ಲೆಯವರು. ತೊಂಬತ್ತರ ದಶಕದಲ್ಲಿ ಪುಣೆಗೆ ಕ್ಲೀನರ್ ಆಗಿ ಬಂದರು. ಆಮೇಲೆ ಡ್ರೈವರ್, ಆಮೇಲೆ ಸಾಲದ ಮೇಲೆ ಒಂದು ಹಳೇ ಗಾಡಿ. ಈಗ ಪುಣೆ ಬಳಿಯ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಹತ್ತಡಿ ಅಗಲದ ಆಫೀಸು, ಸ್ವಂತ ಬಿಲ್ಟಿ (ಮಾಲು ಒಪ್ಪಿಸಿಕೊಂಡ ರಸೀದಿ) ಪುಸ್ತಕ, ನಾಲ್ಕು ಹತ್ತು ಚಕ್ರದ ಗಾಡಿ, ಒಂದು ಆರು ಚಕ್ರದ್ದು. ಡ್ರೈವರುಗಳೆಲ್ಲ ಇಂಡಿ, ಸಿಂದಗಿ, ಅಫಜಲಪುರದ ಕಡೆಯವರು. ಆಫೀಸಿನಲ್ಲಿ ಮರಾಠಿ ಫೋನಿಗೆ ಮಾತ್ರ, ಉಳಿದದ್ದೆಲ್ಲ ನಮ್ಮ ಕಡೆಯ ಕನ್ನಡ.

ನಾನು ಅವರ ಲೆಕ್ಕ ಬರೆಯುವವನು. ನಮ್ಮೂರು ಅವರೂರು ಹನ್ನೆರಡು ಕಿಲೋಮೀಟರ್, ಹಾಗಾಗಿ ಫೀಸು ಕೇಳುವುದು ಕಷ್ಟ.

ಅವರ ಕೆಲಸ ಮೂರು ಥರ. ಚಾಕಣದ ಒಂದು ವಾಹನ ಬಿಡಿಭಾಗದ ಕಾರ್ಖಾನೆಯ ಮಾಲು ಬೆಂಗಳೂರಿಗೆ, ಅದು ತಿಂಗಳಿಗೆ ಸುಮಾರು 7 ಲಕ್ಷದ ಬಾಡಿಗೆ. ಭೋಸರಿಯ ಸಣ್ಣ ವರ್ಕ್‌ಶಾಪುಗಳ ಕಬ್ಬಿಣದ ಕೆಲಸ ಕೊಲ್ಹಾಪುರ, ಸಾಂಗ್ಲಿಗೆ, ಅದು 2 ಲಕ್ಷ. ವಾಪಸ್ ಬರುವಾಗ ಈರುಳ್ಳಿ, ಜೋಳ, ಬೇಳೆ, ಅದು 3 ಲಕ್ಷ. ಒಟ್ಟು ತಿಂಗಳಿಗೆ 12 ಲಕ್ಷ. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಕಾ ಹೋದ ಕಥೆ

ಜಿಎಸ್‌ಟಿ ಕೆಟ್ಟದ್ದು ಅಂತ ಯಾರಾದರೂ ಅಂದರೆ ಕಾಕಾ ಒಪ್ಪುವುದಿಲ್ಲ. ಅವರು ಜಕಾತಿ ನಾಕಾ, ಅಂದರೆ ಊರೊಳಗೆ ಬರುವ ಮಾಲಿಗೆ ತೆರಿಗೆ ಕಟ್ಟಿಸಿಕೊಳ್ಳುವ ಗೇಟು, ಕಂಡವರು.

ಕರ್ನಾಟಕದಲ್ಲಿ ಊರೂರಿನ ಜಕಾತಿ 1979ರಲ್ಲೇ ಹೋಗಿ ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂದಿತ್ತು. ಮಹಾರಾಷ್ಟ್ರದಲ್ಲಿ ಅದು ಬಹಳ ಕಾಲ ಉಳಿಯಿತು. ಪುಣೆಯಲ್ಲಿ 2013ರಲ್ಲಿ ಜಕಾತಿ ತೆಗೆದು ಎಲ್‌ಬಿಟಿ (ಸ್ಥಳೀಯ ಸಂಸ್ಥೆ ತೆರಿಗೆ) ಅಂತ ತಂದರು, 2015ರ ಆಗಸ್ಟ್‌ನಲ್ಲಿ 50 ಕೋಟಿಗಿಂತ ಕಡಿಮೆ ವಹಿವಾಟಿನ ವ್ಯಾಪಾರಿಗಳಿಗೆ ಅದೂ ಹೋಯಿತು. ಮುಂಬೈಯಲ್ಲಿ ಮಾತ್ರ 2017ರ ಜೂನ್ 30ರ ರಾತ್ರಿಯವರೆಗೂ ಜಕಾತಿ ಇತ್ತು. ಮುಲುಂಡ್, ದಹಿಸರ್, ಐರೋಲಿ, ಮಾನಖುರ್ದ್ ನಾಕಾಗಳಲ್ಲಿ ಗಾಡಿ ಸಾಲು ನಿಲ್ಲುತ್ತಿತ್ತು. ಕಾಕಾ ಮಾನಖುರ್ದ್ ಸಾಲಿನಲ್ಲಿ ಸ್ಟೋವ್ ಹಚ್ಚಿ ಅನ್ನ ಮಾಡಿ ಉಂಡು, ಮಲಗಿ, ಎದ್ದು, ಮತ್ತೆ ಅಲ್ಲೇ ಇರುತ್ತಿದ್ದರಂತೆ. ಪುಣೆಯಿಂದ ಮುಂಬೈ ನಾಲ್ಕು ತಾಸಿನ ದಾರಿ, ನಾಕಾದಲ್ಲಿ ಒಂದು ರಾತ್ರಿ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಮೊದಲು ಬೇರೆ ರಾಜ್ಯಕ್ಕೆ ನೇರ ಮಾರಿದರೆ ಕೊಳ್ಳುವವರು ಸಿ ಫಾರ್ಮ್ ಅನ್ನುವ ರಿಯಾಯಿತಿ ಪತ್ರ ಕೊಟ್ಟರೂ ಶೇ 2 ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು, ಅದಕ್ಕೆ ಕ್ರೆಡಿಟ್, ಅಂದರೆ ಕೊಟ್ಟ ತೆರಿಗೆಯನ್ನು ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಇರಲಿಲ್ಲ. ಅದನ್ನು ತಪ್ಪಿಸಲು ಕಂಪನಿಗಳು ರಾಜ್ಯಕ್ಕೊಂದು ಡಿಪೊ ಇಟ್ಟುಕೊಂಡು ಮಾಲನ್ನು ತಮ್ಮ ಡಿಪೊಗೇ ಕಳಿಸಿದ ಹಾಗೆ ಕಾಗದ ಮಾಡುತ್ತಿದ್ದವು. ಕಾಕಾರ ಆರು ಚಕ್ರದ ಗಾಡಿಗಳಿಗೆ ಹುಬ್ಬಳ್ಳಿಯ ಅಂಥದ್ದೊಂದು ಡಿಪೊಗೆ ವಾರಕ್ಕೆ ಎರಡು ಲೋಡು ಖಾಯಂ ಇತ್ತು. ಜಿಎಸ್‌ಟಿ ಬಂದು ಆ ಶೇ 2 ಹೋದ ಮೇಲೆ ಡಿಪೊಗೆ ಅರ್ಥವೇ ಉಳಿಯಲಿಲ್ಲ. 2018ರಲ್ಲಿ ಮುಚ್ಚಿದರು. ಮಾಲೆಲ್ಲ ಭಿವಂಡಿಯ ದೊಡ್ಡ ಗೋದಾಮಿನಿಂದ ದೊಡ್ಡ ಗಾಡಿಯಲ್ಲಿ ಹೋಗತೊಡಗಿತು. ಸಣ್ಣ ಗಾಡಿಗೆ ಕೆಲಸ ಕಡಿಮೆಯಾಗಿದ್ದು ಅಲ್ಲಿಂದ. ಕಾಕಾ ಇದನ್ನು ತೆರಿಗೆಗೆ ಜೋಡಿಸಿ ನೋಡಿರಲೇ ಇಲ್ಲ, "ಧಂಧೆ ಬಿತ್ತು" ಅಂತಷ್ಟೇ ಅಂದುಕೊಂಡಿದ್ದರು.

ಜನ ಅಷ್ಟಾಗಿ ಮಾತಾಡದ ಇನ್ನೊಂದು ವಿಷಯ ಆದಾಯ ತೆರಿಗೆಯದು. ಹತ್ತು ಗಾಡಿಯೊಳಗಿನ ಮಾಲೀಕರಿಗೆ ಅಂದಾಜು ಆದಾಯದ ಪದ್ಧತಿ ಇದೆ, ಪುಸ್ತಕ ಬರೆಯುವ ರಗಳೆ ಇಲ್ಲ. ಮೊದಲು ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯ ಅಂತ ಹಿಡಿಯುತ್ತಿದ್ದರು. 2018ರ ಬಜೆಟ್‌ನಲ್ಲಿ 12 ಟನ್‌ಗಿಂತ ಹೆಚ್ಚು ಒಟ್ಟು ತೂಕದ ಗಾಡಿಗೆ ಟನ್ನಿಗೆ 1,000 ರೂಪಾಯಿ ಅಂತ ಮಾಡಿದರು. ಕಾಕಾರ ಲೆಕ್ಕದಲ್ಲಿ ಏನಾಯಿತು ನೋಡಿ. ಆಗ ಮೂರು ಗಾಡಿ 28 ಟನ್ನಿನವು, ಎರಡು 18 ಟನ್ನಿನವು. ತಿಂಗಳಿಗೆ 37,500 ಇದ್ದ ಅಂದಾಜು ಆದಾಯ 1,20,000 ಆಯಿತು. ಗಾಡಿ ಓಡಲಿ, ಗ್ಯಾರೇಜಿನಲ್ಲಿ ನಿಲ್ಲಲಿ, ಅಷ್ಟೇ. ಆ ವರ್ಷ ರಿಟರ್ನ್ ತುಂಬುವಾಗ ಕಾಕಾ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ, ತಪ್ಪು ನಾನೇ ಮಾಡಿದ ಹಾಗೆ.

ಖಂಬಾಟಕಿ ಘಾಟದ ರಾತ್ರಿ

ನಾಕಾ ಹೋದ ಜಾಗಕ್ಕೆ ಇ-ವೇ ಬಿಲ್ ಬಂತು, ಮಾಲು ಸಾಗಿಸುವ ಮೊದಲು ಆನ್‌ಲೈನಿನಲ್ಲಿ ಮಾಡಿಕೊಳ್ಳಬೇಕಾದ ಚೀಟಿ. 2018ರ ಫೆಬ್ರುವರಿ 1ಕ್ಕೆ ಶುರುವಾಗಬೇಕಿತ್ತು, ಅಂದು ಪೋರ್ಟಲ್ ಕೈಕೊಟ್ಟಿತು, ಕೊನೆಗೆ ಏಪ್ರಿಲ್ 1ರಿಂದ ರಾಜ್ಯ ರಾಜ್ಯಗಳ ನಡುವಿನ ಸಾಗಣೆಗೆ ಜಾರಿಯಾಯಿತು. ಕರ್ನಾಟಕದ ಕಡೆ ಓಡಾಡುವವರಿಗೆ ಇದು ಪೂರ್ತಿ ಹೊಸದಲ್ಲ. ವ್ಯಾಟ್ ಕಾಲದಲ್ಲೇ ಅಲ್ಲಿ ಇ-ಸುಗಮ ಇತ್ತು. ನಮ್ಮ ಡ್ರೈವರುಗಳು ಈಗಲೂ ಕೆಲವರು ಇ-ವೇ ಬಿಲ್ಲಿಗೆ "ಸುಗಮ್" ಅಂತಲೇ ಅನ್ನುತ್ತಾರೆ.

ಇದರಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಮಾಲಿನ ವಿವರ, ಅದನ್ನು ಸಾಮಾನ್ಯವಾಗಿ ಕಾರ್ಖಾನೆಯವರು ತುಂಬುತ್ತಾರೆ. ಎರಡನೆಯದು ಪಾರ್ಟ್ ಬಿ, ಅದರಲ್ಲಿ ಗಾಡಿ ನಂಬರ್. ಗಾಡಿ ಬದಲಾದರೆ ಪಾರ್ಟ್ ಬಿ ಬದಲಿಸಲೇಬೇಕು. ಮೊದಲು ದಿನಕ್ಕೆ 100 ಕಿ.ಮೀ. ಲೆಕ್ಕದಲ್ಲಿ ಅವಧಿ ಕೊಡುತ್ತಿದ್ದರು, 2021ರ ಜನವರಿಯಿಂದ 200 ಕಿ.ಮೀ. ಪುಣೆಯಿಂದ ಬೆಂಗಳೂರಿಗೆ ಸುಮಾರು 850 ಕಿ.ಮೀ., ಅಂದರೆ ಐದು ದಿನ. ಅಷ್ಟು ಸಾಕು.

2023ರ ಮಳೆಗಾಲ. ಖಂಬಾಟಕಿ ಘಾಟದಲ್ಲಿ ಕಾಕಾರ ಒಂದು ಗಾಡಿಯ ಕ್ಲಚ್ ಪ್ಲೇಟ್ ಸುಟ್ಟಿತು. ರಾತ್ರಿ ಹನ್ನೊಂದು. ಮಾಲು ಮರುದಿನ ತಲುಪಲೇಬೇಕು, ಇಲ್ಲದಿದ್ದರೆ ಅಲ್ಲಿ ಲೈನ್ ನಿಲ್ಲುತ್ತದೆ ಅಂತ ಕಾರ್ಖಾನೆಯವರ ಒತ್ತಾಯ. ಕಾಕಾ ಪರಿಚಯದವರ ಒಂದು ಗಾಡಿ ಕರೆಸಿ, ಹಮಾಲರನ್ನು ಹಿಡಿದು, ಮಾಲು ಬದಲಿಸಿ ಕಳಿಸಿದರು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದೆಲ್ಲ ಮಾಡಿದ್ದರು, ಒಂದನ್ನು ಬಿಟ್ಟು. ಪಾರ್ಟ್ ಬಿಯಲ್ಲಿ ಹಳೇ ಗಾಡಿಯ ನಂಬರೇ ಉಳಿಯಿತು. ಅದನ್ನು ಮಾಡುವ ಹುಡುಗ ಫೋನ್ ಸೈಲೆಂಟ್ ಇಟ್ಟು ಮಲಗಿದ್ದ.

ಸಾತಾರಾ ದಾಟಿದ ಮೇಲೆ ತಪಾಸಣೆಯವರು ಗಾಡಿ ನಿಲ್ಲಿಸಿದರು. ಮಾಲಿನ ಬೆಲೆ 6 ಲಕ್ಷ, ಅದರ ತೆರಿಗೆ ಶೇ 18ರಂತೆ 1.08 ಲಕ್ಷ. 2022ರ ಜನವರಿಯಿಂದ ಇಂಥದ್ದಕ್ಕೆ ದಂಡ ತೆರಿಗೆಯ ಶೇ 200. ಅಂದರೆ 2.16 ಲಕ್ಷ. ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಾಗಿದ್ದರೆ 1,000 ರೂಪಾಯಿಯಲ್ಲಿ ಬಿಡಬೇಕು ಅಂತ 2018ರ ಸೆಪ್ಟೆಂಬರ್‌ನ ಸುತ್ತೋಲೆ ಇದೆ. ಇಲ್ಲಿ ನಂಬರೇ ಬೇರೆ, ಗಾಡಿಯೇ ಬೇರೆ.

ಕಾರ್ಖಾನೆಯವರಿಗೆ ಮಾಲು ಬೇಕಿತ್ತು, ದಂಡ ಕಟ್ಟಿ ಬಿಡಿಸಿಕೊಂಡರು. ಆಮೇಲೆ ಕಾಕಾರ ಬಿಲ್ಲಿನಲ್ಲಿ ಆರು ತಿಂಗಳು 36,000 ರೂಪಾಯಿಯಂತೆ ಹಿಡಿದುಕೊಂಡರು. ಅಪೀಲು ಹಾಕಬಹುದಿತ್ತು, ದಂಡದ ಕಾಲು ಭಾಗ ಠೇವಣಿ ಇಟ್ಟರೆ ಆಗುತ್ತಿತ್ತು. ಆದರೆ ಅಪೀಲು ಹಾಕಬೇಕಾದವರು ದಂಡ ಕಟ್ಟಿದವರು. ಅವರಿಗೆ ಏನು ಗರಜು? ದುಡ್ಡು ಹೇಗೂ ಕಾಕಾರಿಂದ ಬರುತ್ತಿತ್ತು.

ಅವತ್ತು ಕಾಕಾ ಅಂದ ಮಾತು ಇದು: "ಮೊದ್ಲ ನಾಕಾದಾಗ ಗಾಡಿ ನಿಂದರ್ತಿತ್ತು. ಈಗ ಗಾಡಿ ಓಡ್ತೈತಿ, ರೊಕ್ಕ ನಿಂದರ್ತೈತಿ."

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಅದೇ. ಶೇ 18ರ ವಿಷಯಕ್ಕೆ ಬರುವ ಮೊದಲು ಇದನ್ನು ಇಷ್ಟು ಉದ್ದ ಹೇಳಿದ್ದು ಅದಕ್ಕೇ.

ಬಿಲ್ಟಿ ಬರೆದವನ ತೆರಿಗೆ

ರಸ್ತೆ ಸಾಗಣೆಯಲ್ಲಿ ಜಿಎಸ್‌ಟಿ ಗಾಡಿಯ ಹಿಂದೆ ಹೋಗುವುದಿಲ್ಲ, ಬಿಲ್ಟಿಯ ಹಿಂದೆ ಹೋಗುತ್ತದೆ. ಗಾಡಿ ಇದ್ದೂ ಬಿಲ್ಟಿ ಬರೆಯದೆ, ಬೇರೆ ಟ್ರಾನ್ಸ್‌ಪೋರ್ಟಿಗೆ ಬಾಡಿಗೆಗೆ ಕೊಟ್ಟರೆ ಆ ಬಾಡಿಗೆಗೆ ತೆರಿಗೆ ಇಲ್ಲ. ಬಿಲ್ಟಿ ಬರೆದರೆ ಮಾತ್ರ ಕಾನೂನಿನ ಕಣ್ಣಲ್ಲಿ ಸರಕು ಸಾಗಣೆ ಏಜೆನ್ಸಿ.

ಬಿಲ್ಟಿ ಬರೆಯುವವರಿಗೆ ದಾರಿಗಳು ಹೀಗಿವೆ. ಒಂದು ರಿವರ್ಸ್ ಚಾರ್ಜ್: ಶೇ 5, ಅದನ್ನು ಬಾಡಿಗೆ ಕೊಡುವ ನೋಂದಾಯಿತ ಗ್ರಾಹಕನೇ ಸರ್ಕಾರಕ್ಕೆ ಕಟ್ಟುತ್ತಾನೆ. ಕಾಕಾ ಕಟ್ಟುವುದೂ ಇಲ್ಲ, ಕ್ರೆಡಿಟ್ ಪಡೆಯುವುದೂ ಇಲ್ಲ. ಹೀಗೆ ಮಾತ್ರ ಮಾಡುವವರಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಇ-ವೇ ಬಿಲ್ಲಿಗೆ ಟ್ರಾನ್ಸ್‌ಪೋರ್ಟರ್ ಐಡಿ ಸಾಕು. ಕಾಕಾ ಎಂಟು ವರ್ಷ ಇದರಲ್ಲೇ ಆರಾಮಾಗಿದ್ದರು. ಇನ್ನೊಂದು ಫಾರ್ವರ್ಡ್ ಚಾರ್ಜ್: ಕಾಕಾರೇ ಬಿಲ್ಲಿನಲ್ಲಿ ಶೇ 18 ಹಾಕಿ, ವಸೂಲಿ ಮಾಡಿ, ಸರ್ಕಾರಕ್ಕೆ ಕಟ್ಟಬೇಕು. ಬದಲಿಗೆ ಗಾಡಿ, ಟೈರು, ಬಿಡಿಭಾಗ, ಆಯಿಲ್, ವಿಮೆಯ ಮೇಲೆ ತಾವು ಕೊಟ್ಟ ಜಿಎಸ್‌ಟಿಯನ್ನು ಅದರಲ್ಲಿ ಕಳೆದುಕೊಳ್ಳಬಹುದು. ನಡುವೆ ಇನ್ನೊಂದಿದೆ, ತಾವೇ ಶೇ 5 ಕಟ್ಟಿ ಕ್ರೆಡಿಟ್ ಬಿಡುವುದು. ಕಾಕಾರಂಥವರಿಗೆ ಅದರಿಂದ ಬರುವ ಲಾಭ ನನಗಂತೂ ಕಾಣಲಿಲ್ಲ.

ಯಾವುದು ಬೇಕೋ ಅದನ್ನು ಹಣಕಾಸು ವರ್ಷ ಶುರುವಾಗುವ ಮೊದಲು, ಮಾರ್ಚ್ 31ರೊಳಗೆ ಬರೆದುಕೊಡಬೇಕು. ಗಿರಾಕಿಗೊಂದು ದರ ಅಂತ ಇಲ್ಲ, ಒಪ್ಪಿದರೆ ಇಡೀ ವರ್ಷ, ಎಲ್ಲರಿಗೂ.

ಚಾಕಣದಿಂದ ಬಂದ ಮೇಲ್

ನವೆಂಬರ್‌ನಲ್ಲಿ ಚಾಕಣದ ಕಾರ್ಖಾನೆಯಿಂದ ಮೇಲ್ ಬಂತು. 2026ರ ಏಪ್ರಿಲ್‌ನಿಂದ ಫಾರ್ವರ್ಡ್ ಚಾರ್ಜ್‌ಗೆ ಬನ್ನಿ, ಶೇ 18 ಹಾಕಿ ಬಿಲ್ ಕಳಿಸಿ. ಜೊತೆಗೆ, ನಿಮಗೆ ಕ್ರೆಡಿಟ್ ಸಿಗುವುದರಿಂದ ಮೂಲ ಬಾಡಿಗೆಯಲ್ಲಿ ಶೇ 3 ಕಡಿಮೆ ಮಾಡಿ.

ಅವರಿಗೇಕೆ ಶೇ 5 ಬಿಟ್ಟು ಶೇ 18 ಬೇಕು ಅಂತ ಕಾಕಾರಿಗೆ ಅರ್ಥವಾಗಲಿಲ್ಲ. "ಹುಚ್ಚ ಹಿಡದೈತೇನು ಅವರಿಗೆ? ಜಾಸ್ತಿ ಕೊಡ್ತೀನಿ ಅಂತಾರಲ್ಲ." ಹುಚ್ಚಲ್ಲ. ರಿವರ್ಸ್ ಚಾರ್ಜ್‌ನ ತೆರಿಗೆಯನ್ನು ನಗದಿನಲ್ಲೇ ಕಟ್ಟಬೇಕು, ಖಾತೆಯಲ್ಲಿ ಎಷ್ಟೇ ಕ್ರೆಡಿಟ್ ಬಿದ್ದಿದ್ದರೂ ಅದನ್ನು ಬಳಸುವಂತಿಲ್ಲ. ಕಾಕಾ ನೋಂದಣಿ ಇಲ್ಲದವರಾದ್ದರಿಂದ ಪ್ರತಿ ಬಾಡಿಗೆಗೂ ಕಾರ್ಖಾನೆಯವರೇ ತಮಗೆ ತಾವೇ ಇನ್‌ವಾಯ್ಸ್ ಬರೆದುಕೊಳ್ಳಬೇಕು. ಶೇ 18 ಆದರೆ ಆ ಕೆಲಸವೆಲ್ಲ ಕಾಕಾರ ತಲೆಗೆ, ಕಾರ್ಖಾನೆಗೆ ಪೂರ್ತಿ ಕ್ರೆಡಿಟ್. ಅವರ ಲೆಕ್ಕದಲ್ಲಿ 5 ಆದರೂ ಒಂದೇ, 18 ಆದರೂ ಒಂದೇ.

ಕಾಕಾರ ಮಗ ಡಿಪ್ಲೊಮಾ ಓದಿದವನು, ಎಕ್ಸೆಲ್ ಗೊತ್ತು. ಅವನಿಗೆ ಶೇ 18 ಇಷ್ಟವಾಯಿತು. "ಅಪ್ಪಾಜಿ, ಗಾಡಿ ಮ್ಯಾಲಿನ 5.40 ಲಕ್ಷ ವಾಪಸ್ ಬರ್ತೈತಿ" ಅಂತ ಅವನ ವಾದ. ತಪ್ಪೇನಲ್ಲ. ಮೂವರೂ ಒಂದು ಭಾನುವಾರ ಕೂತು ಲೆಕ್ಕ ಮಾಡಿದೆವು. ಕಾಕಾರ ಹೆಂಡತಿ, ಕಾಕು, ಶೇಂಗಾ ಹೋಳಿಗೆ ಮಾಡಿದ್ದರು, ಅದು ಮಾತ್ರ ಯಾವ ವಿವಾದವೂ ಇಲ್ಲದೆ ಮುಗಿಯಿತು.

ಭಾನುವಾರದ ಲೆಕ್ಕ

ಮೊದಲು ಡೀಸೆಲ್. ಒಂದು ಟ್ರಿಪ್ಪಿನ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಅದೇ. ಡೀಸೆಲ್ ಜಿಎಸ್‌ಟಿಯ ಹೊರಗಿದೆ, ಅಬಕಾರಿ ಸುಂಕ ಕೇಂದ್ರದ್ದು, ಮಾರಾಟ ತೆರಿಗೆ ರಾಜ್ಯದ್ದು. ಒಂದು ಪೈಸೆ ಕ್ರೆಡಿಟ್ ಇಲ್ಲ. ನಮ್ಮ ಗಾಡಿಗಳು ವಾಪಸ್ ಬರುವಾಗ ಗಡಿ ದಾಟುವ ಮೊದಲು ನಿಪ್ಪಾಣಿಯಲ್ಲಿ ಟ್ಯಾಂಕ್ ತುಂಬಿಸಿಕೊಳ್ಳುವುದು ಹಳೇ ರೂಢಿ. 2025ರ ಏಪ್ರಿಲ್ 1ರಿಂದ ಕರ್ನಾಟಕವೂ ಡೀಸೆಲ್ ಮೇಲಿನ ತೆರಿಗೆಯನ್ನು ಶೇ 21.17ಕ್ಕೆ ಏರಿಸಿ ಲೀಟರಿಗೆ 2 ರೂಪಾಯಿ ಹೆಚ್ಚು ಮಾಡಿತು. ಆ ತಿಂಗಳು ಅಲ್ಲಿ ಲಾರಿ ಮುಷ್ಕರವೂ ಆಯಿತು. ಟೋಲ್‌ಗೆ ಜಿಎಸ್‌ಟಿ ಇಲ್ಲ, ಡ್ರೈವರ್ ಪಗಾರ, ಭತ್ತಾಗಳಿಗೂ ಇಲ್ಲ. ಹೀಗೆ ಕಳೆಯುತ್ತ ಬಂದರೆ ಕ್ರೆಡಿಟ್ ಸಿಗುವ ಖರ್ಚು ಟೈರು, ಬಿಡಿಭಾಗ, ಆಯಿಲ್, ವಿಮೆ ಇಷ್ಟೇ. ಅದರಲ್ಲೂ ಗಾಡಿಯ ಥರ್ಡ್ ಪಾರ್ಟಿ ವಿಮೆ ಈಗ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಒಳ್ಳೆಯದೇ. ಎಲ್ಲ ಸೇರಿ ಕಾಕಾರ ಪುಸ್ತಕದಲ್ಲಿ ತಿಂಗಳಿಗೆ ಸುಮಾರು 20,000 ರೂಪಾಯಿ ಜಿಎಸ್‌ಟಿ.

ಅದೂ ಪೂರ್ತಿ ಸಿಗುವುದಿಲ್ಲ. ವಾಪಸ್ ಲೋಡಿನ ಈರುಳ್ಳಿ, ಜೋಳ, ಬೇಳೆಯ ಸಾಗಣೆಗೆ ತೆರಿಗೆ ವಿನಾಯಿತಿ ಇದೆ. ವಿನಾಯಿತಿಯ ಬಾಡಿಗೆ ಎಷ್ಟು ಪಾಲೋ ಅಷ್ಟು ಕ್ರೆಡಿಟ್ ಬಿಟ್ಟುಕೊಡಬೇಕು. 12 ಲಕ್ಷದಲ್ಲಿ 3 ಲಕ್ಷ, ಅಂದರೆ ಕಾಲು ಭಾಗ. ಉಳಿಯಿತು 15,000. ವರ್ಷಕ್ಕೆ 1.80 ಲಕ್ಷ.

ಈಗ ಚಾಕಣದವರು ಕೇಳಿದ ಶೇ 3. ಏಳು ಲಕ್ಷಕ್ಕೆ ತಿಂಗಳಿಗೆ 21,000. ವರ್ಷಕ್ಕೆ 2.52 ಲಕ್ಷ.

ಮಗ ಇಲ್ಲಿ ಸ್ವಲ್ಪ ಸುಮ್ಮನಾದ. ಬರುವುದು 1.80, ಹೋಗುವುದು 2.52. ಪ್ರತಿ ವರ್ಷ 72,000 ಕೈಬಿಡುತ್ತದೆ. "ಆದ್ರ ಗಾಡಿದು?" ಅಂದ. ಹೌದು, ಗಾಡಿಯದು ಇದೆ. ಶೇ 18ರಲ್ಲಿ ಇದ್ದಾಗ ಕೊಂಡ ಗಾಡಿಗೆ 5.40 ಲಕ್ಷ ಕ್ರೆಡಿಟ್ ಮೊದಲೇ ಸಿಗುತ್ತದೆ. ಅದರಲ್ಲಿ ಕಾಲು ಭಾಗ, 1.35 ಲಕ್ಷ, 60 ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ವಾಪಸ್ ಕೊಡಬೇಕು. ಉಳಿಯುವುದು 4.05 ಲಕ್ಷ. ಐದು ವರ್ಷ ಹಿಡಿದರೆ ಬಾಡಿಗೆಯಲ್ಲಿ ಹೋಗುವುದು 3.60 ಲಕ್ಷ. ಗಾಡಿಯೊಂದರ ಮೇಲೆ ಐದು ವರ್ಷಕ್ಕೆ 45,000 ಲಾಭ.

ಗಾಡಿ ಕೊಂಡ ವರ್ಷ ಶೇ 18 ಚೆನ್ನಾಗಿ ಕಾಣುತ್ತದೆ, ಕೊಳ್ಳದ ವರ್ಷ ಮೈಮೇಲೆ ಬರುತ್ತದೆ. ಪ್ರತಿ ವರ್ಷ ಹತ್ತಿಪ್ಪತ್ತು ಹೊಸ ಗಾಡಿ ಇಳಿಸುವ ದೊಡ್ಡ ಕಂಪನಿಗೆ ಇದು ಹೇಳಿ ಮಾಡಿಸಿದ್ದು. ಅಪರೂಪಕ್ಕೊಂದು ಗಾಡಿ ತರುವ ಕಾಕಾರಿಗೆ ಅಲ್ಲ. ಎಲ್ಲ ಕಡೆ "ಸಾಗಣೆ ವಲಯಕ್ಕೆ ಲಾಭ" ಅಂತ ಬರೆಯುತ್ತಾರೆ, ಯಾವ ಅಳತೆಯ ಸಾಗಣೆದಾರನಿಗೆ ಅಂತ ಬರೆಯುವುದಿಲ್ಲ.

ಇಷ್ಟರಲ್ಲಿ ಭೋಸರಿಯವರು ಬಂದೇ ಇಲ್ಲ. ಅವರಲ್ಲಿ ಮೂವರು ಕಾಂಪೋಸಿಷನ್ ಯೋಜನೆಯಲ್ಲಿ ಇದ್ದಾರೆ, ಅಂದರೆ ವಹಿವಾಟಿನ ಒಂದು ಸಣ್ಣ ಪಾಲನ್ನು ತೆರಿಗೆ ಅಂತ ಕಟ್ಟಿ ಮುಗಿಸುವವರು. ಅವರಿಗೆ ಕ್ರೆಡಿಟ್ ಇಲ್ಲವೇ ಇಲ್ಲ, ಕಟ್ಟಿದ ತೆರಿಗೆಯೆಲ್ಲ ಜೇಬಿನಿಂದಲೇ. ಈಗ 20,000ದ ಬಾಡಿಗೆಗೆ ಶೇ 5ರಂತೆ 1,000 ಕಟ್ಟುವವರು ನಾಳೆ 3,600 ಕೊಡಬೇಕು. ಕೊಡುತ್ತಾರಾ? ಪಕ್ಕದ ಆಫೀಸಿಗೆ ಹೋಗುತ್ತಾರೆ, ಅಷ್ಟೇ.

ನಿಲ್ಲುವ ರೊಕ್ಕ

ಇನ್ನು ಕಾಕಾರ ಮಾತಿಗೆ ಬರೋಣ. ತೆರಿಗೆ ಬೀಳುವ ಬಾಡಿಗೆ ತಿಂಗಳಿಗೆ 9 ಲಕ್ಷ, ಅದರ ಶೇ 18 ಅಂದರೆ 1.62 ಲಕ್ಷ. ಕ್ರೆಡಿಟ್ 15,000 ಕಳೆದರೆ 1.47 ಲಕ್ಷ ಪ್ರತಿ ತಿಂಗಳು ಕಟ್ಟಬೇಕು. 5 ಕೋಟಿಯೊಳಗಿನ ವಹಿವಾಟಿಗೆ ರಿಟರ್ನ್ ಮೂರು ತಿಂಗಳಿಗೊಮ್ಮೆ ಸಾಕು, ಆದರೆ ದುಡ್ಡು ಮಾತ್ರ ತಿಂಗಳು ತಿಂಗಳು. ಏಪ್ರಿಲ್‌ನದು ಮೇ 25ರೊಳಗೆ.

ಚಾಕಣದವರು ದುಡ್ಡು ಕೊಡುವುದು 75 ದಿನಕ್ಕೆ. ಏಪ್ರಿಲ್ ಕೊನೆಯ ಬಿಲ್ಲಿಗೆ ಜುಲೈ ಮಧ್ಯದಲ್ಲಿ. ಅವರೊಬ್ಬರ ಬಾಬ್ತಿನ ತೆರಿಗೆಯೇ ತಿಂಗಳಿಗೆ 1.26 ಲಕ್ಷ. ಅದನ್ನು ಕಾಕಾ ಕೈಯಿಂದ ಕಟ್ಟಿ ಐವತ್ತು ದಿನ ಕಾಯಬೇಕು. ಒಮ್ಮೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ, 2.52 ಲಕ್ಷ ಹೊರಗೆ ಇರುತ್ತದೆ. ಹೊಸ ಗಾಡಿಯ ಕ್ರೆಡಿಟ್ ಇದ್ದರೆ ಮೂರು ನಾಲ್ಕು ತಿಂಗಳು ಇದು ಕಾಣುವುದಿಲ್ಲ, ಆಮೇಲೆ ಒಮ್ಮೆಲೇ ಕಾಣುತ್ತದೆ. ಮೇಲಾಗಿ ಈಗ ದೊಡ್ಡ ಕಂಪನಿಗಳೆಲ್ಲ ಒಂದು ಮಾತು ಕಲಿತಿವೆ: "ನಿಮ್ಮ ಇನ್‌ವಾಯ್ಸ್ ನಮ್ಮ 2ಬಿಯಲ್ಲಿ ಕಂಡ ಮೇಲೆ ಜಿಎಸ್‌ಟಿ ಕೊಡ್ತೀವಿ." 2ಬಿ ಅಂದರೆ ಅವರಿಗೆ ಸಿಗುವ ಕ್ರೆಡಿಟ್ಟನ್ನು ಪೋರ್ಟಲ್ ತೋರಿಸುವ ಪಟ್ಟಿ. ಸಣ್ಣವರು ಒಂದು ರಿಟರ್ನ್ ತಡ ಮಾಡಿದರೆ ಅದೂ ನಿಲ್ಲುತ್ತದೆ.

ಗಾಡಿ ಮಾತ್ರ ಇದಕ್ಕೆಲ್ಲ ಕಾಯುವುದಿಲ್ಲ. ಡೀಸೆಲ್ ನಗದು, ಟೋಲ್ ಫಾಸ್ಟ್ಯಾಗ್‌ನಿಂದ ಆ ಕ್ಷಣವೇ, ಡ್ರೈವರ್ ಕೈಗೆ ಹೊರಡುವಾಗಲೇ ಖರ್ಚಿಗೆ, ಬ್ಯಾಂಕಿನ ಕಂತು ಐದನೇ ತಾರೀಖಿಗೆ.

ಇದಕ್ಕೊಂದು ಮದ್ದು ಕಾನೂನಿನಲ್ಲೇ ಇದೆ. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕರಾರು ಇದ್ದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಕೊಡದಿದ್ದರೆ 2023-24ರಿಂದ ಆ ಖರ್ಚನ್ನು ಕೊಟ್ಟ ವರ್ಷದಲ್ಲೇ ಆದಾಯ ತೆರಿಗೆಯಲ್ಲಿ ತೋರಿಸಬೇಕು. ನಾನು ಕಾಕಾರಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅನ್ನುವುದಕ್ಕೆ ಸರ್ಕಾರದ ದಾಖಲೆ) ಮಾಡಿಸಿ ಚಾಕಣಕ್ಕೆ ಪ್ರತಿ ಕಳಿಸಿದ್ದೆ. ಪರಿಣಾಮ ಆಯಿತು, 90 ದಿನ ಇದ್ದದ್ದು 75 ಆಯಿತು. 45 ಏಕೆ ಆಗಲಿಲ್ಲ? ಅವರು ದಿನ ಎಣಿಸುವುದು ಬಿಲ್ ತಲುಪಿದ ದಿನದಿಂದ ಅಲ್ಲ, ತಮ್ಮ ಸಿಸ್ಟಮ್‌ನಲ್ಲಿ ಬಿಲ್ ಏರಿಸಿದ ದಿನದಿಂದ. ಏರಿಸಲು ಬಿಲ್ಟಿಯ ಸಹಿ ಹಾಕಿದ ಪ್ರತಿ ಬೇಕು, ಅದು ಬೆಂಗಳೂರಿನಿಂದ ಬರಬೇಕು, ಬಂದ ಮೇಲೆ ಯಾರೋ ರಜೆಯಲ್ಲಿ ಇರುತ್ತಾರೆ. ಲಿಖಿತ ತಕರಾರು ಇಲ್ಲದಿದ್ದರೆ ಸರಕು ಅಥವಾ ಸೇವೆ ಸಿಕ್ಕ ದಿನದಿಂದಲೇ ಎಣಿಸಬೇಕು ಅನ್ನುತ್ತದೆ ಕಾನೂನು. ಅದನ್ನು ಹಿಡಿದು ಜಗಳ ಆಡಲು ಕಾಕಾರಿಗೆ ಮನಸ್ಸಿಲ್ಲ. ತಿಂಗಳಿಗೆ 7 ಲಕ್ಷದ ಗಿರಾಕಿ. ನಾನೂ ಒತ್ತಾಯ ಮಾಡಲಿಲ್ಲ.

ಏನು ಮಾಡಿದೆವು

ದಸರೆಗೆ ಒಂದು ಗಾಡಿ ಬಂತು. ಅದು ಮೇಲ್ ಬರುವ ಮೊದಲಿನ ಮಾತು. ಒಂದು ಆರು ಚಕ್ರದ ಗಾಡಿ ಗ್ಯಾರೇಜಿನಲ್ಲೇ ಜಾಸ್ತಿ ಇರುತ್ತಿತ್ತು, ಅದನ್ನು ಮಾರಿ ಅದರ ಜಾಗಕ್ಕೆ ಇದು. ಅಕ್ಟೋಬರ್ 1, ಆಯುಧಪೂಜೆಯ ದಿನ ನಾಲ್ಕು ನಿಂಬೆಹಣ್ಣು ಚಕ್ರದ ಕೆಳಗೆ ಇಟ್ಟು ಹೊರಡಿಸಿದರು. ಮೊದಲ ಲೋಡು ಬೆಂಗಳೂರಿಗೆ.

ಮೇಲ್ ಬಂದ ಮೇಲೆ ಮಗನಿಗೆ ಬೇಜಾರಾಯಿತು, ಏಪ್ರಿಲ್‌ವರೆಗೆ ಕಾದಿದ್ದರೆ ಆ 5.40 ಲಕ್ಷಕ್ಕೆ ಕ್ರೆಡಿಟ್ ಸಿಗುತ್ತಿತ್ತು ಅಂತ. ರಿವರ್ಸ್ ಚಾರ್ಜ್‌ನಲ್ಲಿ ಇದ್ದಾಗ ಕೊಂಡ ಗಾಡಿಯ ತೆರಿಗೆಯನ್ನು ಆಮೇಲೆ ಕೇಳುವುದು ಜಗಳದ ಬಾಬತ್ತು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ನಾನು ಮೊದಲೇ ಹೇಳಿದ್ದೆ. ಕಾಕಾ ತಲೆ ಕೆಡಿಸಿಕೊಳ್ಳಲಿಲ್ಲ. ದಸರೆಯಿಂದ ದೀಪಾವಳಿಯವರೆಗೆ ಲೋಡಿನ ಸೀಸನ್. ಆ ದಿನಗಳಲ್ಲಿ ಗಾಡಿ ಇಲ್ಲದೆ ಕೂತರೆ ಗಿರಾಕಿ ಬೇರೆ ಗಾಡಿ ನೋಡುತ್ತಾನೆ. ಅವರು ಹೇಳಿದ್ದು ಸರಿ ಅಂತಲೇ ನನಗೂ ಅನ್ನಿಸುತ್ತದೆ.

ಚಾಕಣಕ್ಕೆ ಏನು ಉತ್ತರ ಕೊಡುವುದು ಅನ್ನುವುದಕ್ಕೆ ಡಿಸೆಂಬರ್ ಪೂರ್ತಿ ಹೋಯಿತು. ಇಲ್ಲ ಅಂದರೆ ಅವರು ಶೇ 18 ಹಾಕುವ ದೊಡ್ಡ ಟ್ರಾನ್ಸ್‌ಪೋರ್ಟ್ ಕಡೆ ಹೋಗಬಹುದು. ಹೂಂ ಅಂದರೆ ಮೇಲಿನ ಲೆಕ್ಕ. ಮಗ ಹೊಸ ಹೆಸರಿನಲ್ಲಿ ಬೇರೆ ಸಂಸ್ಥೆ ಮಾಡೋಣ, ಚಾಕಣದ್ದು ಮಾತ್ರ ಅದರಲ್ಲಿ ಅಂದ. ಅದಕ್ಕೆ ಬೇರೆ ಗಾಡಿ, ಬೇರೆ ಬಿಲ್ಟಿ, ಬೇರೆ ಬ್ಯಾಂಕು. ಎರಡು ಅಂಗಡಿ ನಡೆಸುವಷ್ಟು ಜನ ನಮ್ಮಲ್ಲಿ ಇಲ್ಲ ಅಂತ ಅದನ್ನು ಅಲ್ಲಿಗೇ ಬಿಟ್ಟೆವು.

ಜನವರಿ ಮೊದಲ ವಾರ ನಾನೇ ಉತ್ತರ ಬರೆದೆ. ಶೇ 18ಕ್ಕೆ ಬರುತ್ತೇವೆ, ಎರಡು ಷರತ್ತು. ಮೂಲ ಬಾಡಿಗೆಯಲ್ಲಿ ಶೇ 3 ಅಲ್ಲ, ಶೇ 1. ಬಾಡಿಗೆ ನಿಮ್ಮ ರೂಢಿಯಂತೆ ಕೊಡಿ, ಆದರೆ ಜಿಎಸ್‌ಟಿ ಮೊತ್ತವನ್ನು ಮುಂದಿನ ತಿಂಗಳ 20ರೊಳಗೆ ಬೇರೆಯಾಗಿ ಕೊಡಿ. ಶೇ 1 ಆದರೆ ವರ್ಷಕ್ಕೆ ಹೋಗುವುದು 84,000, ಬರುವ 1.80 ಲಕ್ಷದೊಳಗೆ ಅದು ಕೂರುತ್ತದೆ. ಭೋಸರಿಯ ಮೂವರನ್ನು ಕಳೆದುಕೊಂಡರೂ ತಡೆದುಕೊಳ್ಳಬಹುದು. ಕಾಕಾರಿಗೆ ಎರಡನೇ ಷರತ್ತೇ ಮುಖ್ಯ. ಮೊದಲನೆಯದರಲ್ಲಿ ಇನ್ನೂ ಅರ್ಧ ಬಿಟ್ಟರೂ ಪರವಾಗಿಲ್ಲ, 20ನೇ ತಾರೀಖು ಬಿಡಬೇಡ ಅಂದಿದ್ದಾರೆ.

ಇದನ್ನು ಬರೆಯುವಾಗ 2026ರ ಫೆಬ್ರುವರಿ ಮೂರನೇ ವಾರ. ಚಾಕಣದಿಂದ "ಪರಿಶೀಲನೆಯಲ್ಲಿದೆ" ಅಂತ ಒಂದು ಸಾಲು ಬಂದಿದೆ, ಅಷ್ಟೇ. ಎರಡನೇ ಗಾಡಿಯ ಕೊಟೇಶನ್ ಕಾಕಾರ ಡ್ರಾವರಿನಲ್ಲಿದೆ, ಅದರ ದರ ಮಾರ್ಚ್ 15ರವರೆಗೆ. ನನ್ನ ಟೇಬಲ್ ಮೇಲೆ ಆಯ್ಕೆಯ ಅರ್ಜಿ ತುಂಬಿ ಇಟ್ಟಿದ್ದೇನೆ, ಸಹಿ ಮಾತ್ರ ಬಾಕಿ. ಕಾಕಾ ದಿನಾ ಸಂಜೆ ಚಹಾ ಹೊತ್ತಿಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಾರೆ: "ಬಂತೇನೋ?"